ಮರೆಯಲು ಮೈಕ್ರೋಗ್ರಾಂ, ನೆನೆಯಲು ಟನ್ನು

ಸುರಪುರ ಸೀಮೆಯಲ್ಲಿ ಮದಗುಣಿಕೆಯನ್ನು, ಅಂದರೆ ದತ್ತೂರಿಯನ್ನು ಯಾರೂ ಬಿತ್ತುವುದಿಲ್ಲ. ತಿಪ್ಪೆಯ ಅಂಚು, ಬಿದ್ದ ಗೋಡೆಯ ಬುಡ, ಬಂಡೆಯ ಸಂದಿ, ಹತ್ತಿ ಹೊಲದ ಬದು ಎಲ್ಲಿ ಬೇಕಾದರೂ ಅದು ತಾನೇ ಏಳುತ್ತದೆ. ದನ ಬಾಯಿ ಹಾಕುವುದಿಲ್ಲ, ಜನ ಕೈ ಹಾಕುವುದಿಲ್ಲ. ಶಿವರಾತ್ರಿ ಬಂದಾಗ ಮಾತ್ರ ದತ್ತೂರಿ ಹೂವಿಗೆ ಮರ್ಯಾದೆ. ಅದರ ಮುಳ್ಳುಕಾಯಿಯೊಳಗೆ ನೂರಾರು ಬೀಜ, ಬೀಜದೊಳಗೆ ಅಟ್ರೋಪಿನ್, ಹಯೋಸಯಮಿನ್, ಸ್ಕೋಪೋಲಮಿನ್ ಎಂಬ ಒಂದೇ ಕುಲದ ರಾಸಾಯನಿಕಗಳು. ಕೊನೆಯದನ್ನು ಹಿಡಿದು ಒಂದು ಲೆಕ್ಕ ಮಾಡಬಹುದು. ಸ್ಕೋಪೋಲಮಿನ್‌ನ ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ತೆಗೆದುಕೊಂಡರೆ ಅದರಲ್ಲಿ ಸುಮಾರು 20 ಕೋಟಿ ಕೋಟಿ ಅಣುಗಳಿರುತ್ತವೆ. ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಕಣ್ಣಿಗೆ ಕಾಣದ ಆ ಚೂರನ್ನು ಅಷ್ಟೂ ಕೋಶಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ 23 ಸಾವಿರ ಅಣು ಬರುತ್ತದೆ.

ಹಡಗಿನಲ್ಲಿ, ಬಸ್ಸಿನಲ್ಲಿ ವಾಂತಿಯಾಗದಿರಲೆಂದು ಕಿವಿಯ ಹಿಂದೆ ಅಂಟಿಸುವ ಪಟ್ಟಿಯಲ್ಲಿರುವುದೂ ಇದೇ ಸ್ಕೋಪೋಲಮಿನ್. ಮೂರು ದಿನ ಸೇರಿ ಅದು ಮೈಗೆ ಬಿಡುವುದು ಒಂದೇ ಮಿಲಿಗ್ರಾಂ, ಗಂಟೆಗೆ 14 ಮೈಕ್ರೋಗ್ರಾಂ. ಅಷ್ಟಕ್ಕೇ ಕೆಲವು ವೃದ್ಧರು ತಾವು ಎಲ್ಲಿದ್ದೇವೆಂದು ತಿಳಿಯದೆ ತಬ್ಬಿಬ್ಬಾಗುವುದುಂಟು.

ದತ್ತೂರಿ ಬೀಜದ ಅಪಾಯವಿರುವುದು ಅದರ ಮುಖದಲ್ಲಿ. ನೋಡಿದರೆ ಮೆಣಸಿನಕಾಯಿ ಬೀಜವೇ. ಚಪ್ಪಟೆ, ಮೂತ್ರಪಿಂಡದ ಆಕಾರ, ಹಳದಿ ಮಿಶ್ರಿತ ಕಂದು. ನಮ್ಮ ದೇಶದ ನ್ಯಾಯವೈದ್ಯಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಈ ಎರಡು ಬೀಜಗಳನ್ನು ಪಕ್ಕಪಕ್ಕ ಇಟ್ಟ ಪಟ್ಟಿ ತಪ್ಪದೆ ಇರುತ್ತದೆ. ಬೀಜವನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಬೇಕು. ಮೆಣಸಿನ ಬೀಜದ ಭ್ರೂಣ ಇಂಗ್ಲಿಷಿನ 6ರಂತೆ ಒಳಕ್ಕೆ ಸುರುಳಿಯಾಗಿರುತ್ತದೆ; ದತ್ತೂರಿಯದು ತುದಿಯಲ್ಲಿ ಹೊರಕ್ಕೆ ಬಾಗಿರುತ್ತದೆ. ಊಟ ಯಾವುದು, ವಿಷ ಯಾವುದು ಎಂದು ಪ್ರಯೋಗಾಲಯ ತೀರ್ಮಾನಿಸುವುದು ಆ ಒಂದು ಬಾಗಿನ ಮೇಲೆ.

ಈ ಬೀಜಕ್ಕೆ ‘ದಾರಿ ವಿಷ’ ಎಂಬ ಅಡ್ಡಹೆಸರು ಬಂದದ್ದು ಸುಮ್ಮನೆ ಅಲ್ಲ. ಸುರಪುರದ ಗುಡ್ಡದ ಮೇಲೆ ಇಂದಿಗೂ ತನ್ನ ಹೆಸರಿನ ಮಂಜಿಲ್ ಉಳಿಸಿಹೋದ ಫಿಲಿಪ್ ಮೆಡೋಸ್ ಟೇಲರ್ ನಿಜಾಮನ ಸೇವೆಯಲ್ಲಿ ದಾರಿಗಳ್ಳರ ಬೆನ್ನು ಹತ್ತಿದವನು. ಆ ತಿಳಿವಳಿಕೆಯಿಂದ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಬರೆದ. 1841ರಲ್ಲಿ ಸುರಪುರಕ್ಕೆ ಬಂದು, ಬಾಲಕ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತವನ್ನು 1853ರವರೆಗೆ ನೋಡಿಕೊಂಡ. ಅವನ ಕಾದಂಬರಿಯ ಠಕ್ಕರ ಕೈಯಲ್ಲಿದ್ದದ್ದು ರುಮಾಲು. ಅದೇ ಕಾಲದ ದಾರಿಗಳಲ್ಲಿ ರುಮಾಲು ಮುಟ್ಟದ ಇನ್ನೊಂದು ಜಾತಿಯ ಕಳ್ಳರೂ ಇದ್ದರು: ಛತ್ರದಲ್ಲಿ ಸ್ನೇಹ ಬೆಳೆಸಿ, ಹಿಟ್ಟಿನಲ್ಲೋ ಸಿಹಿಯಲ್ಲೋ ದತ್ತೂರಿ ಬೆರೆಸುವವರು. ಬಂಗಾಳದ ವೈದ್ಯ ನಾರ್ಮನ್ ಚೀವರ್ಸ್ 1856ರಲ್ಲಿ ಹೊರತಂದ ಕೈಪಿಡಿ ಈ ಪ್ರಕರಣಗಳಿಗೆ ಪುಟಗಟ್ಟಲೆ ಕೊಟ್ಟಿದೆ. ವಿಷವೇರಿದವನ ಬಾಯಿ ಒಣಗುತ್ತದೆ, ಕಣ್ಣಪಾಪೆ ಅರಳುತ್ತದೆ, ನಡಿಗೆ ತೂರಾಡುತ್ತದೆ. ಆಮೇಲೆ ಇಲ್ಲದ ದಾರವನ್ನು ಬೆರಳ ತುದಿಯಿಂದ ಎಳೆಯತೊಡಗುತ್ತಾನೆ, ಇಲ್ಲದ ಸೂಜಿಗೆ ಪೋಣಿಸುತ್ತಾನೆ. ಬದುಕಿ ಎಚ್ಚರವಾದರೆ ಗಂಟೂ ಇಲ್ಲ, ಗಂಟು ಒಯ್ದವನ ಮುಖದ ನೆನಪೂ ಇಲ್ಲ. ಸಾಕ್ಷಿ ಹೇಳಬೇಕಾದವನ ಸಾಕ್ಷ್ಯವನ್ನೇ ಅಳಿಸಿ ಹೋಗುವ ಕಳ್ಳತನ. ಕತ್ತು ಬಿಗಿಯುವುದಕ್ಕಿಂತ ಇದು ಎಷ್ಟೋ ಚಾಣಾಕ್ಷ ಕೆಲಸವೆಂದು ನನಗನಿಸುತ್ತದೆ. ಟೇಲರ್ ಇದರ ಮೇಲೂ ಒಂದು ಕಾದಂಬರಿ ಬರೆಯಬಹುದಿತ್ತು.

ಈ ಕಳ್ಳತನದ ತಂತ್ರವೇ ಅಲ್ಝೈಮರ್ಸ್ ಸಂಶೋಧನೆಗೆ ಒಂದು ಮೆಟ್ಟಿಲಾಯಿತು. 1974ರಲ್ಲಿ ಅಮೆರಿಕದ ಡೇವಿಡ್ ಡ್ರಾಕ್‌ಮನ್ ಮತ್ತು ಜಾನೆಟ್ ಲೆವಿಟ್ ಆರೋಗ್ಯವಂತ ಯುವಕ ಯುವತಿಯರಿಗೆ ಸ್ಕೋಪೋಲಮಿನ್ ಕೊಟ್ಟು ನೆನಪಿನ ಪರೀಕ್ಷೆ ಮಾಡಿದರು. ಯುವಕರ ಅಂಕಗಳು ವೃದ್ಧರ ಅಂಕಗಳ ಹಾಗೆ ಕುಸಿದವು. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಅಸಿಟೈಲ್‌ಕೊಲಿನ್ ಎಂಬ ವಸ್ತು ಬಂದು ಕೂರಬೇಕಾದ ಜಾಗದಲ್ಲಿ ಈ ಅಣು ಮೊದಲೇ ಹೋಗಿ ಕೂತುಬಿಡುತ್ತದೆ. ಸುದ್ದಿ ಹೊರಡುತ್ತದೆ, ತಲುಪುವುದಿಲ್ಲ. ಅಂದಿನಿಂದ ಜಗತ್ತಿನ ಔಷಧ ಪ್ರಯೋಗಾಲಯಗಳಲ್ಲಿ ಇಲಿಗೆ ಮರೆವು ತರಿಸಬೇಕೆಂದರೆ ಸ್ಕೋಪೋಲಮಿನ್ ಚುಚ್ಚುವುದು ವಾಡಿಕೆ. 25 ಗ್ರಾಂ ತೂಗುವ ಸುಂಡಿಲಿಗೆ 25 ಮೈಕ್ರೋಗ್ರಾಂ ಸಾಕು. ನಿನ್ನೆ ಕಲಿತ ದಾರಿ ಇಂದು ಗೊತ್ತಿರುವುದಿಲ್ಲ.

(ನಮ್ಮ ಮನೆಗಳ ಔಷಧಿ ಚೀಲದಲ್ಲೂ ಈ ಕುಲದ ದೂರದ ನೆಂಟರಿದ್ದಾರೆ. ಅಲರ್ಜಿಗೆ, ನಿದ್ದೆಗೆ ಕೊಡುವ ಕೆಲವು ಹಳೆಯ ಗುಳಿಗೆಗಳು, ಮೂತ್ರ ತಡೆಯಲು ಕೊಡುವ ಕೆಲವು ಗುಳಿಗೆಗಳು ಅಸಿಟೈಲ್‌ಕೊಲಿನ್‌ಗೇ ಅಡ್ಡಗಾಲು ಹಾಕುತ್ತವೆ. ‘ಅಜ್ಜಗ ಒಮ್ಮಿಂದೊಮ್ಮೆಲೆ ಅರಳುಮರಳು ಆಗೈತ್ರಿ’ ಎಂದು ಕರೆತಂದಾಗ ಜಾಣ ವೈದ್ಯರು ಮೊದಲು ನೋಡುವುದು ಆ ಚೀಲವನ್ನು.)

ಅಲ್ಝೈಮರ್ಸ್ ರೋಗದಲ್ಲಿ ಆಗುವುದು ಇದಕ್ಕಿಂತ ಆಳದ ಹಾನಿ. ಮುಂಮಿದುಳಿನ ತಳದಲ್ಲಿ ಮೇನರ್ಟ್ ಎಂಬ ವಿಯೆನ್ನಾದ ವೈದ್ಯನ ಹೆಸರು ಹೊತ್ತ ಒಂದು ಸಣ್ಣ ಗುಂಪಿದೆ, ನ್ಯೂಕ್ಲಿಯಸ್ ಬೇಸಾಲಿಸ್. ಮಿದುಳಿನ ಮೇಲ್ಪದರಕ್ಕೆಲ್ಲ ಅಸಿಟೈಲ್‌ಕೊಲಿನ್ ಒದಗಿಸುವುದು ಬಹುಪಾಲು ಇದೇ. ಎಡಬಲ ತಲಾ ಸುಮಾರು ಎರಡು ಲಕ್ಷ ಕೋಶ. 8,600 ಕೋಟಿಯ ಎದುರು ನಾಲ್ಕು ಲಕ್ಷವೆಂದರೆ ಎರಡು ಲಕ್ಷಕ್ಕೆ ಒಂದು. ಇಷ್ಟು ಕಡಿಮೆ ಜನ ಅಷ್ಟು ದೊಡ್ಡ ಊರಿಗೆ ಹೇಗೆ ಸಾಕಾಗುತ್ತಾರೆ? 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೆರೆಮಿ ನೇಥನ್ಸ್ ಅವರ ತಂಡ ಸುಂಡಿಲಿಯ ಇಂಥ ಕೋಶಗಳನ್ನು ಒಂದೊಂದಾಗಿ ಬಣ್ಣ ಹಚ್ಚಿ, ಅವುಗಳ ಎಳೆಗಳನ್ನು ಕೊನೆಯ ಕವಲಿನವರೆಗೂ ಅಳೆಯಿತು. ಬೆರಳುದ್ದದ ಪ್ರಾಣಿಯ ಒಂದೇ ಕೋಶದ ಎಳೆ, ಕವಲುಗಳೆಲ್ಲ ಸೇರಿ, ಅರ್ಧ ಮೀಟರಿನವರೆಗೆ ಇತ್ತು. ಅದೇ ಪ್ರಮಾಣವನ್ನು ಮನುಷ್ಯನ ಮಿದುಳಿಗೆ ಹಿಗ್ಗಿಸಿದಾಗ ಬಂದ ಅಂದಾಜು, ಕೋಶವೊಂದಕ್ಕೆ ನೂರು ಮೀಟರಿಗೂ ಹೆಚ್ಚು.

ನಾಲ್ಕು ಲಕ್ಷ ಕೋಶ, ತಲಾ ನೂರು ಮೀಟರ್. ಗುಣಿಸಿ ನೋಡಿ. 40,000 ಕಿಲೋಮೀಟರ್, ಭೂಮಧ್ಯರೇಖೆಯ ಸುತ್ತಳತೆ. ಒಂದು ತಲೆಬುರುಡೆಯೊಳಗೆ, ಒಂದೂಕಾಲು ಒಂದೂವರೆ ಕಿಲೋ ತೂಕದ ಮಿದುಳಿನಲ್ಲಿ, ಅದರ ಒಂದೇ ಗುಂಪಿನ ತಂತಿ ಅಷ್ಟಿದೆ. 1982ರಲ್ಲಿ ಅದೇ ಜಾನ್ಸ್ ಹಾಪ್ಕಿನ್ಸ್‌ನ ಪೀಟರ್ ವೈಟ್‌ಹೌಸ್ ಮತ್ತು ಸಂಗಡಿಗರು ಅಲ್ಝೈಮರ್ಸ್‌ನಿಂದ ಸತ್ತವರ ಮಿದುಳಿನಲ್ಲಿ ಈ ಗುಂಪನ್ನು ಎಣಿಸಿದಾಗ ಮುಕ್ಕಾಲು ಭಾಗಕ್ಕೂ ಹೆಚ್ಚು ಕೋಶಗಳು ಮಾಯವಾಗಿದ್ದವು. 30,000 ಕಿಲೋಮೀಟರ್ ತಂತಿ ಕಡಿದುಹೋದ ಮೇಲೆ ಮಗಳ ಹೆಸರು ಬಾಯಿಗೆ ಬರದಿದ್ದರೆ ಆಶ್ಚರ್ಯವೇನು.

ಈಗ ಇನ್ನೊಂದು ಬೀಜಕ್ಕೆ ಬರೋಣ. ಜ್ಯೋತಿಷ್ಮತಿ, ಗಂಧಿಗೆ ಅಂಗಡಿಯವರ ಮಾಲಕಂಗಣಿ. ಕಾಡಿನ ಮರಗಳಿಗೆ ಹಬ್ಬುವ ಬಳ್ಳಿ. ಹಳದಿ ಕಾಯಿ ಮೂರು ಹೋಳಾಗಿ ಬಿರಿದರೆ ಒಳಗೆ ಕೆಂಪು ಹೊದಿಕೆಯ ಕೆಲವೇ ಬೀಜ. ತೂಕದಲ್ಲಿ ಸುಮಾರು ಅರ್ಧ ಎಣ್ಣೆ. ಬುದ್ಧಿ ಚುರುಕಾಗಲಿ ಎಂದು ಆಯುರ್ವೇದ ಶತಮಾನಗಳಿಂದ ಬಳಸಿದ್ದು ಆ ಎಣ್ಣೆಯನ್ನೇ. 1997ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಗಟ್ಟು, ಬುಕಾಫುಸ್ಕೊ ಮತ್ತಿತರರು ಇದನ್ನು ಇಲಿಗಳಿಗೆ 14 ದಿನ ಕುಡಿಸಿದರು. ನೀರಿನ ತೊಟ್ಟಿಯಲ್ಲಿ ಈಜುತ್ತ ಮುಳುಗಿದ ಕಟ್ಟೆಯನ್ನು ಹುಡುಕುವ ಪಾಠ ಕಲಿಸಿ, ಸ್ಕೋಪೋಲಮಿನ್ ಚುಚ್ಚಿದರು. ಎಣ್ಣೆ ಕುಡಿದ ಇಲಿಗಳು ದಾರಿ ಮರೆಯಲಿಲ್ಲ. ಅಂದರೆ ದತ್ತೂರಿಯ ಅಣು ಮತ್ತು ಮಾಲಕಂಗಣಿಯ ಎಣ್ಣೆ, ನಮ್ಮ ನೆಲದ ಎರಡು ಗಿಡಗಳ ಜಗಳ, ಅಟ್ಲಾಂಟಿಕ್ ಆಚೆಯ ಇಲಿಯ ತಲೆಯಲ್ಲಿ ಇತ್ಯರ್ಥವಾಯಿತು. ಗೆದ್ದದ್ದು ಎಣ್ಣೆ. ಆದರೆ ಅದು ಗೆದ್ದದ್ದು ಈಗಿನ ಅಲ್ಝೈಮರ್ಸ್ ಮಾತ್ರೆಗಳ ಹಾಗೆ ಕಿಣ್ವವೊಂದನ್ನು ತಡೆದು ಅಲ್ಲ; ಆ ಕಿಣ್ವದ ಕಥೆ ಮುಂದಿದೆ.

‘ಬೀಜದ ಸಾರದಿಂದ ಮರೆವಿಗೆ ಮದ್ದು’ ಎಂಬ ತಲೆಬರಹಗಳಲ್ಲಿ ಬಹುಪಾಲು ಹುಟ್ಟುವುದು ಇಂಥ ಇಲಿಯಿಂದ. ಅಲ್ಲೇ ನನ್ನ ತಕರಾರೂ ಇರುವುದು. ಆ ಇಲಿಗೆ ಅಲ್ಝೈಮರ್ಸ್ ಇರಲಿಲ್ಲ. ಅದರ ಒಂದು ತಂತಿಯೂ ಕಡಿದಿರಲಿಲ್ಲ. ಕೆಲವು ಗಂಟೆ ಬಾಗಿಲಿಗೆ ಬೀಗ ಬಿದ್ದಿತ್ತು, ಅಷ್ಟೆ. ಎಣ್ಣೆ ಕೊಡದಿದ್ದರೂ ಮರುದಿನ ಆ ಬೀಗ ತಾನೇ ಕಳಚುತ್ತಿತ್ತು.

ತಕರಾರನ್ನು ಪಕ್ಕಕ್ಕಿಟ್ಟು, ಮದ್ದು ಮನುಷ್ಯನಿಗೂ ಕೆಲಸ ಮಾಡುತ್ತದೆ ಎಂದೇ ನಂಬಿ ಅಳತೆ ಮಾಡೋಣ. ಇಲಿಗಳಿಗೆ ಕೊಟ್ಟ ದೊಡ್ಡ ಪ್ರಮಾಣ ಕಿಲೋ ತೂಕಕ್ಕೆ 400 ಮಿಲಿಗ್ರಾಂ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಇಳಿಸುವಾಗ ಔಷಧಶಾಸ್ತ್ರಜ್ಞರು 6.2ರಿಂದ ಭಾಗಿಸುತ್ತಾರೆ. 60 ಕಿಲೋ ಮನುಷ್ಯನಿಗೆ ದಿನಕ್ಕೆ ಸುಮಾರು ನಾಲ್ಕು ಗ್ರಾಂ ಎಣ್ಣೆ, ಅಂದರೆ ಎಂಟು ಗ್ರಾಂ ಬೀಜ. ಯಾದಗಿರಿ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,74,271. ಅದರಲ್ಲಿ 60 ದಾಟಿದವರು ನೂರಕ್ಕೆ ಎಂಟು ಎಂದಿಟ್ಟುಕೊಂಡರೆ ಸುಮಾರು 94 ಸಾವಿರ. ವಯಸ್ಸಾದವರ ಬಗ್ಗೆ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆಯ ಪ್ರಕಾರ ಈ ವಯಸ್ಸಿನವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ. (ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನೂರಕ್ಕೆ 92 ಜನರ ವಿಷಯದಲ್ಲಿ ಶುದ್ಧ ಸುಳ್ಳು.) ಆ ಲೆಕ್ಕದಲ್ಲಿ ಜಿಲ್ಲೆಗೆ ಏಳು ಸಾವಿರ ಮಂದಿ; ಅವರಲ್ಲಿ ನೂರಕ್ಕೆ 60 ಮಂದಿಯದು ಅಲ್ಝೈಮರ್ಸ್ ಎಂದರೆ 4,200. ಯಾದಗಿರಿ, ಶಹಾಪುರ, ಸುರಪುರಗಳಿಗೆಲ್ಲ ಸೇರಿ ದಿನಕ್ಕೆ 34 ಕಿಲೋ ಬೀಜ, ವರ್ಷಕ್ಕೆ 12 ಟನ್ನು.

ದೇಶಕ್ಕೆ? ಡಿಮೆನ್ಶಿಯಾ ಇರುವವರು 88 ಲಕ್ಷ, ಅದೇ ಅನುಪಾತದಲ್ಲಿ ಅಲ್ಝೈಮರ್ಸ್ ಇರುವವರು 53 ಲಕ್ಷದ ಹತ್ತಿರ. ದಿನಕ್ಕೆ 42 ಟನ್ನು ಬೀಜ, ಹತ್ತು ಟನ್ನಿನ ನಾಲ್ಕು ಲಾರಿ ತುಂಬಿ ಇನ್ನೂ ಉಳಿಯುತ್ತದೆ. ವರ್ಷಕ್ಕೆ 15 ಸಾವಿರ ಟನ್ನು ಮೀರುತ್ತದೆ, ಕಾಯಿಗೆ ನಾಲ್ಕಾರು ಬೀಜ ಬಿಡುವ ಕಾಡುಬಳ್ಳಿಯಿಂದ. ತೊಗರಿಯ ಹಾಗೆ ಎಕರೆಗಟ್ಟಲೆ ಬಿತ್ತುವ ಬೆಳೆ ಇದಲ್ಲ. ಮರೆಸಲು ಮೈಕ್ರೋಗ್ರಾಂ ಸಾಕಾಗುವ ಕಡೆ ನೆನಪಿಸಲು ಲಾರಿ ಬೇಕಾಗುತ್ತದೆ.

ಹಾಗಾದರೆ ಬೀಜದಿಂದ ಅಲ್ಝೈಮರ್ಸ್‌ಗೆ ಮದ್ದು ಬಂದೇ ಇಲ್ಲವೇ? ಬಂದಿದೆ. ಪಶ್ಚಿಮ ಆಫ್ರಿಕಾದಿಂದ ಬಂದಿದೆ, ಅದೂ ವಿಷವಾಗಿ. ಇಂದಿನ ನೈಜೀರಿಯಾದ ಕಲಬಾರ್ ಎಂಬ ಬಂದರಿನ ಎಫಿಕ್ ಜನ ಎಸೆರೆ ಎಂಬ ಕಂದು ಅವರೆಯಂಥ ಕಾಳನ್ನು ನ್ಯಾಯ ತೀರ್ಮಾನಕ್ಕೆ ಬಳಸುತ್ತಿದ್ದರು. ಆರೋಪಿಗೆ ಅದನ್ನು ನುಂಗಿಸುವುದು. ವಾಂತಿ ಮಾಡಿ ಬದುಕಿದರೆ ನಿರಪರಾಧಿ, ಸತ್ತರೆ ಶಿಕ್ಷೆ ಅಲ್ಲೇ ಮುಗಿಯಿತು. ಮಿಷನರಿಗಳ ಮೂಲಕ ಎಡಿನ್‌ಬರೋ ತಲುಪಿದ ಈ ಕಾಳನ್ನು 1855ರಲ್ಲಿ ಪ್ರೊಫೆಸರ್ ರಾಬರ್ಟ್ ಕ್ರಿಸ್ಟಿಸನ್ ತಾನೇ ತಿಂದು ನೋಡಿದ. ಮೊದಲ ರಾತ್ರಿ ಎಂಟನೇ ಒಂದು ಭಾಗ. ಅಪಾಯವೇನೂ ಆಗದ್ದು ಕಂಡು ಮರುದಿನ ಬೆಳಗ್ಗೆ ಕಾಲು ಭಾಗ. ತಲೆ ತಿರುಗಿ ನಾಡಿ ಕುಗ್ಗತೊಡಗಿದಾಗ, ಆಗಷ್ಟೇ ಗಡ್ಡ ಹೆರೆದ ಸಾಬೂನು ನೀರನ್ನು ಗಟಗಟ ಕುಡಿದು ವಾಂತಿ ಮಾಡಿಕೊಂಡ. ಎಫಿಕ್ ನ್ಯಾಯದ ಪ್ರಕಾರ ಅವನು ನಿರಪರಾಧಿ.

1864ರಲ್ಲಿ ಯೋಬ್ಸ್ಟ್ ಮತ್ತು ಹೆಸ್ಸೆ ಆ ಕಾಳಿನಿಂದ ಫೈಸೋಸ್ಟಿಗ್ಮಿನ್ ಬೇರ್ಪಡಿಸಿದರು. ಅದೇ ವರ್ಷ ಪ್ರಾಗ್‌ನ ಕ್ಲೈನ್‌ವಾಖ್ಟರ್ ಎಂಬ ವೈದ್ಯ ಅಟ್ರೋಪಿನ್ ವಿಷವೇರಿದ್ದ ರೋಗಿಗೆ ಕಲಬಾರ್ ಕಾಳಿನ ಸಾರ ಕೊಟ್ಟು ಚೇತರಿಕೆ ಕಂಡ. ಅಟ್ರೋಪಿನ್ ಎಂದರೆ ದತ್ತೂರಿಯ ಕುಲವೇ. ಒಂದು ಖಂಡದ ಬೀಜದ ವಿಷಕ್ಕೆ ಇನ್ನೊಂದು ಖಂಡದ ಬೀಜದ ವಿಷ ಮದ್ದಾಗಬಲ್ಲದೆಂದು ತಿಳಿದದ್ದು ಹೀಗೆ, ಅಲೋಯಿಸ್ ಅಲ್ಝೈಮರ್ ತನ್ನ ರೋಗಿಯ ಮಿದುಳಿನ ಬಗ್ಗೆ 1906ರಲ್ಲಿ ಮಾತನಾಡುವುದಕ್ಕೂ 42 ವರ್ಷ ಮೊದಲು. 1935ರಲ್ಲಿ ಅಮೆರಿಕದ ಪರ್ಸಿ ಜೂಲಿಯನ್ ಫೈಸೋಸ್ಟಿಗ್ಮಿನ್ನನ್ನು ಪ್ರಯೋಗಾಲಯದಲ್ಲೇ ಕಟ್ಟಿದ. ಗುಲಾಮರ ಮೊಮ್ಮಗ ಅವನು. ಕಲಬಾರ್ ಒಂದು ಕಾಲಕ್ಕೆ ಗುಲಾಮರನ್ನು ಹಡಗು ಹತ್ತಿಸಿದ ಬಂದರು.

ಫೈಸೋಸ್ಟಿಗ್ಮಿನ್ ಮೈಯಲ್ಲಿ ಅರ್ಧ ಗಂಟೆಯೂ ನೆಟ್ಟಗೆ ನಿಲ್ಲುವುದಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮಾರ್ತಾ ವೈನ್‌ಸ್ಟಾಕ್ ರೋಸಿನ್ ಅದರ ಮಾದರಿಯಲ್ಲೇ ಹೆಚ್ಚು ಹೊತ್ತು ತಾಳುವ ಅಣು ಮಾಡಿಸಿದರು. ಅದೇ ರಿವಾಸ್ಟಿಗ್ಮಿನ್, 1997ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇಂದು ನಮ್ಮ ಔಷಧ ಅಂಗಡಿಗಳಲ್ಲಿ ಗುಳಿಗೆಯಾಗಿ, ಬೆನ್ನಿಗೆ ಅಂಟಿಸುವ ಪಟ್ಟಿಯಾಗಿ ಸಿಗುತ್ತದೆ.

ಅದು ತಡೆಯುವುದು ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು. ಸುದ್ದಿ ಮುಟ್ಟಿಸಿದ ಅಸಿಟೈಲ್‌ಕೊಲಿನ್ನನ್ನು ಕೂಡಲೇ ಕತ್ತರಿಸಿ ಗುಡಿಸುವುದು ಈ ಕಿಣ್ವದ ಕೆಲಸ. ಅದರ ವೇಗ ಜೀವರಸಾಯನಶಾಸ್ತ್ರದ ದೊಡ್ಡ ಬೆರಗುಗಳಲ್ಲೊಂದು: ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು 25,000 ಅಸಿಟೈಲ್‌ಕೊಲಿನ್ ಅಣುಗಳನ್ನು ಕತ್ತರಿಸಬಲ್ಲದು. ಇದಕ್ಕಿಂತ ಹೆಚ್ಚು ಬೇಗ ಅಣುಗಳು ಅದರ ಬಾಯಿಗೆ ಬಂದು ತಲುಪುವುದೇ ಕಷ್ಟ. ಪೂರ್ತಿ ವೇಗದಲ್ಲಿ ಒಂದು ದಿನ ದುಡಿದರೆ 216 ಕೋಟಿ. ರಿವಾಸ್ಟಿಗ್ಮಿನ್‌ನ ಒಂದು ಅಣು ಹೋಗಿ ಇದನ್ನು ಸುಮಾರು ಹತ್ತು ಗಂಟೆ ಕಟ್ಟಿಹಾಕುತ್ತದೆ. ಅಷ್ಟರಲ್ಲಿ ಉಳಿಯಬಹುದಾದ ಅಸಿಟೈಲ್‌ಕೊಲಿನ್ 90 ಕೋಟಿ ಅಣು. ಒಂದಕ್ಕೆ 90 ಕೋಟಿ! ಆದ್ದರಿಂದಲೇ ಈ ಮದ್ದಿಗೆ ಲಾರಿ ಬೇಡ. ದಿನದ ಗರಿಷ್ಠ ಪ್ರಮಾಣ 12 ಮಿಲಿಗ್ರಾಂ. ಮೇಲಿನ 53 ಲಕ್ಷ ಮಂದಿಗೂ ದಿನಕ್ಕೆ 63 ಕಿಲೋ ಸಾಕು, ಒಂದು ಮೂಟೆ.

ಇಷ್ಟೆಲ್ಲ ಆಗಿ ರೋಗಿಗೆ ದಕ್ಕಿದ್ದೆಷ್ಟು? 2015ರ ಕಾಕ್ರೇನ್ ವಿಮರ್ಶೆ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ಆರು ತಿಂಗಳ ನಂತರ 30 ಅಂಕದ ನೆನಪಿನ ಪರೀಕ್ಷೆಯಲ್ಲಿ ಮದ್ದು ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಮುಂದಿದ್ದದ್ದು ಸರಾಸರಿ 0.74 ಅಂಕ. ಒಂದೂ ಪೂರ್ತಿ ಇಲ್ಲ. ಜೊತೆಗೆ ಹೊಟ್ಟೆ ತೊಳಸು, ವಾಂತಿ. ಎಸೆರೆ ಕಾಳು ತನ್ನ ಹಳೆಯ ಗುಣವನ್ನು ಬಿಟ್ಟಿಲ್ಲ. ಸತ್ತ ಕೋಶವನ್ನು ಇದು ಬದುಕಿಸುವುದಿಲ್ಲ, ಉಳಿದ ಕಾಲು ಭಾಗ ಕಳಿಸಿದ ಸುದ್ದಿಯನ್ನು ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿಸುತ್ತದೆ. ಬೇರೆ ಮದ್ದುಗಳ ಗತಿ ಇನ್ನೂ ಕಷ್ಟದ್ದು: 2002ರಿಂದ 2012ರವರೆಗೆ 413 ಪರೀಕ್ಷೆಗಳಲ್ಲಿ 244 ಅಣುಗಳು ಅಲ್ಝೈಮರ್ಸ್ ಎದುರು ನಿಂತವು, ಒಪ್ಪಿಗೆ ಸಿಕ್ಕಿದ್ದು ಒಂದಕ್ಕೆ. ಹತ್ತು ವರ್ಷದಲ್ಲಿ ನೂರಕ್ಕೆ 99.6 ಸೋಲು.

ಸೋಲಿಗೆ ಒಂದು ಕಾರಣ ಮಿದುಳಿನ ಕಾವಲು. ಅದರೊಳಗೆ ಹರಿಯುವ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಉದ್ದ ಸುಮಾರು 600 ಕಿಲೋಮೀಟರ್. ಅಷ್ಟುದ್ದದ ಗಡಿಯಲ್ಲೂ ಸಣ್ಣ ಅಣುಗಳ ಮದ್ದುಗಳಲ್ಲಿ ನೂರಕ್ಕೆ 98ನ್ನು ಒಳಗೆ ಬಿಡುವುದಿಲ್ಲ. ಈ ಕಾವಲಿನ ತಂಟೆಗೇ ಹೋಗದ ಒಂದು ಜಾಣ ಫಲಿತಾಂಶ 2012ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, ನಿಮ್ಹಾನ್ಸ್‌ನಲ್ಲಿ ದುಡಿದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ, ಅಲ್ಝೈಮರ್ಸ್ ಬರುವಂತೆ ತಳಿ ಬದಲಿಸಿದ ಸುಂಡಿಲಿಗಳಿಗೆ 30 ದಿನ ಅಶ್ವಗಂಧದ ಬೇರಿನ ಸಾರ ಕೊಟ್ಟಿತು. ಈ ರೋಗದಲ್ಲಿ ಮಿದುಳಿನೊಳಗೆ ಕೂಡಿಕೊಳ್ಳುವ ಕಸ ಕರಗಿತು, ನಡವಳಿಕೆ ಸುಧಾರಿಸಿತು. ಬೇರಿನ ಸಾರ ಕೆಲಸ ಮಾಡಿದ್ದು ಯಕೃತ್ತಿನಲ್ಲಿ. ಅಲ್ಲಿ ರಕ್ತದಿಂದ ಕಸ ಸೆಳೆಯುವ ಒಂದು ಪ್ರೋಟೀನು ಹೆಚ್ಚಿ, ಮಿದುಳಿನ ಕಸ ಹೊರಹರಿಯಿತು. ಬೀಜವಲ್ಲ, ಬೇರು, ಆದರೂ ನಾನು ಓದಿದ ಸಸ್ಯಮೂಲದ ಪ್ರಯೋಗಗಳಲ್ಲಿ ಇದರಷ್ಟು ನೆಚ್ಚಿಗೆಯಾದದ್ದು ಇನ್ನೊಂದಿಲ್ಲ, ಏಕೆಂದರೆ ಇಲ್ಲಿನ ಇಲಿಗೆ ಬೀಗ ಹಾಕಿರಲಿಲ್ಲ, ರೋಗವನ್ನೇ ಹಚ್ಚಿದ್ದರು. ಪ್ರಮಾಣ ಮಾತ್ರ ಕಿಲೋ ತೂಕಕ್ಕೆ ಒಂದು ಗ್ರಾಂ.

ಮುಂದೆ ಅವರೇ ಕಟ್ಟಿದ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ, ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ಕೊಟ್ಟ 225 ಕೋಟಿ ರೂಪಾಯಿಯ ಬೆಂಬಲದಲ್ಲಿ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ಯಾವ ಬೀಜ, ಯಾವ ಬೇರು ಕೆಲಸ ಮಾಡಿತೆಂದು ಹೇಳಬೇಕಾದರೂ ಮೊದಲು ಮರೆವನ್ನು ಅಳೆಯಲು ಬರಬೇಕಲ್ಲ. ಆ 0.74 ಅಂಕ ಹುಟ್ಟಿದ ಪರೀಕ್ಷೆಯಲ್ಲಿ, ಕಾಗದದ ಮೇಲಿನ ‘ಕಣ್ಣು ಮುಚ್ಚಿ’ ಎಂಬ ಸಾಲನ್ನು ಓದಿ ಹಾಗೆಯೇ ಮಾಡಬೇಕು, ಒಂದು ವಾಕ್ಯ ಬರೆಯಬೇಕು. ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರಲ್ಲಿ ನೂರಕ್ಕೆ 51.83, ರಾಜ್ಯದಲ್ಲೇ ಕಡಿಮೆ. ವೃದ್ಧರಲ್ಲಿ ಇನ್ನೂ ಕಡಿಮೆಯೇ ಇರಬೇಕು. ನೆನಪು ಗಟ್ಟಿಯಿರುವ ಅಜ್ಜಿಯೂ ಇಲ್ಲಿ ಎರಡು ಅಂಕ ಕಳೆದುಕೊಂಡೇ ಶುರುಮಾಡುತ್ತಾಳೆ, ಮದ್ದು ಕೊಡುವ ಲಾಭದ ಎರಡೂವರೆ ಪಟ್ಟಿಗೂ ಹೆಚ್ಚು.

ಇದಕ್ಕೆ ಉತ್ತರ ಹುಡುಕಿದವರು ಹರಿಯಾಣದ ಬಲ್ಲಭ್‌ಗಢದಲ್ಲಿ ಕೆಲಸ ಮಾಡಿದ ಮೇರಿ ಗಂಗೂಲಿ, ವಿಜಯ್ ಚಂದ್ರ ಮತ್ತಿತರರು. ಅಲ್ಲಿ 55 ದಾಟಿದ 5,126 ಮಂದಿಯಲ್ಲಿ ನೂರಕ್ಕೆ 73 ಮಂದಿ ಓದಲು ಬಾರದವರು. ಅವರಿಗೆಂದು ಪರೀಕ್ಷೆಯನ್ನೇ ತಿರುಗಿಸಿ ಬರೆದರು. ಪರೀಕ್ಷಕ ‘ನನ್ನ ಮುಖ ನೋಡಿ, ನಾನು ಮಾಡಿದ್ದನ್ನೇ ಮಾಡಿ’ ಎಂದು ತಾನೇ ಕಣ್ಣು ಮುಚ್ಚುತ್ತಾನೆ. ವಾಕ್ಯ ಬರೆಯುವ ಬದಲು, ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎನ್ನುತ್ತಾನೆ. ಒಟ್ಟು ಅಂಕ ಆಗಲೂ 30.